ಬೀಟೆಗೆ ಬದಲಿ ಮರ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಅರಣ್ಯ ಸಚಿವರಿಗೆ,



ಭಾರತದ ಬೀಟೆ ಅಮೆರಿಕದ ಗಿಟಾರುಗಳಿಗೆ ಸೇರಿದ್ದೇ ಬದಲಿ ಮರವಾಗಿ. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ, ಗಿಟಾರು ತಯಾರಿಸುವ ಮಾರ್ಟಿನ್ ಕಂಪನಿ ಬೀಟೆಯತ್ತ ತಿರುಗಿತು. ಈಗ ಬೀಟೆಯ ಸರದಿ. 2017ರ ಜನವರಿಯಲ್ಲಿ ಅದು ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಬಂತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಕಾಡಿನಲ್ಲಿ ನಿಂತ ಮರಕ್ಕೆ ಅದರಿಂದೇನೂ ಒಳಿತಾಗಲಿಲ್ಲ.

ಮರ ಬದಲಾದರೆ ನಾದ ಕೆಡುತ್ತದೆಂಬ ಭಯ ವಾದಕರಲ್ಲಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಪರೀಕ್ಷೆಗೆ ಒಡ್ಡಿದರು. ಒಂದೇ ಅಳತೆಯ ಆರು ಗಿಟಾರು, ಮೇಲ್ಹಲಗೆ ಎಲ್ಲಕ್ಕೂ ಸ್ಪ್ರೂಸ್. ಬೆನ್ನು, ಪಕ್ಕೆಗಳು ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಆಫ್ರಿಕಾದ ಸಪೇಲಿ, ಮೇಪಲ್, ವಾಲ್ನಟ್. ಮಂದ ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ತೊಡಿಸಿ 52 ವಾದಕರಿಂದ ನುಡಿಸಿದರು. ಯಾವುದು ಯಾವ ಮರವೆಂದು ಕಾಣದಾಗ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶವಿದು.

ಗಿಟಾರಿನ ಫಲಿತಾಂಶವನ್ನು ವೀಣೆಗೆ ಹಾಗೇ ಹೊರಿಸುವಂತಿಲ್ಲ, ನಿಜ. ಆದರೆ ನಮ್ಮ ವಾದ್ಯಪರಂಪರೆ ಅಪರೂಪದ ಮರವನ್ನೇ ನಂಬಿ ಕೂತದ್ದಲ್ಲ. ತಂಜಾವೂರು ವೀಣೆ ಹಲಸಿನದು. ಮೃದಂಗದ ಒಡಲೂ ಹಲಸಿನದೇ. ಇಡೀ ವೀಣೆಯನ್ನು ಒಂದೇ ದಿಮ್ಮಿಯಲ್ಲಿ ಕೊರೆಯಲು ಹಳೆಯ, ದಪ್ಪ ಮರ ಬೇಕು. ಕೊಡ, ದಂಡಿಗಳನ್ನು ಬೇರೆಬೇರೆ ಮಾಡಿ ಜೋಡಿಸಿದರೆ ಸಣ್ಣ ದಿಮ್ಮಿಯೂ ಆದೀತು. ತಮಿಳುನಾಡಿನ ನರಸಿಂಗಂಪೇಟೆಯ ಕುಶಲಕರ್ಮಿಗಳು ಇನ್ನೂ ಮುಂದೆ ಹೋಗಿದ್ದಾರೆ. ಕೆಡವಿದ ಹಳೆಯ ಮನೆಗಳ ಆಚ್ಚಾ ಮರದ ತೊಲೆಗಳನ್ನು ತಂದು ಅವುಗಳಲ್ಲೇ ನಾಗಸ್ವರ ಕಡೆಯುತ್ತಾರೆ. ದಶಕಗಳ ಕಾಲ ಸೂರಿನಡಿ ಒಣಗಿದ ಆ ಮರಕ್ಕೆ ಹಸಿ ಮರದಂತೆ ಬಿರಿಯುವ, ಬಾಗುವ ಭಯ ಕಡಿಮೆ. ಹಳೆಯ ಮನೆಗಳು ದಿನವೂ ಉರುಳುತ್ತಿರುವ ನಮ್ಮೂರುಗಳಲ್ಲಿ ಅಂಥ ತೊಲೆಗಳು ಸೌದೆಯಾಗುವುದು ಸಂಕಟದ ಸಂಗತಿ.

ಬೆಂಗಳೂರಿನ ಮಲ್ಲೇಶ್ವರದಲ್ಲೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕೇಂದ್ರದ ಆ ಸಂಸ್ಥೆಯ ಜೊತೆ ತಮ್ಮ ಇಲಾಖೆ ಕೈಜೋಡಿಸಿ, ಹಲಸು, ಹಳೆಯ ತೊಲೆ, ತೋಟದ ಮರಗಳಿಂದ ಮಾಡಿಸಿದ ವೀಣೆಗಳನ್ನು ವೈಣಿಕರ ಕೈಗಿತ್ತು ಲ್ಯಾಂಕಾಸ್ಟರಿನಂಥದೇ ಪರೀಕ್ಷೆ ನಡೆಸಲಿ. ಫಲಿತಾಂಶ ಕನ್ನಡದಲ್ಲಿ ವಾದ್ಯ ತಯಾರಕರಿಗೆ ತಲುಪಲಿ. ಇನ್ನೊಂದು ಕೋರಿಕೆ: ಎರಡು ದಿಮ್ಮಿ ಸಾಕಾಗುವ ವಾದ್ಯ ತಯಾರಕ ಲಾರಿಗಟ್ಟಲೆ ನಾಟಾ ಕೊಳ್ಳಲಾರ. ಇಲಾಖೆಯ ಡಿಪೊಗಳ ಮುಂದಿನ ಹರಾಜಿನಲ್ಲೇ ಹಲಸಿನ ಕೆಲವು ಸಣ್ಣ ಲಾಟುಗಳನ್ನು ವಾದ್ಯ ತಯಾರಕರಿಗೆಂದೇ ಮೀಸಲಿಡಿ.