ಕಡಲ ಮಟ್ಟವೂ ಕೆರೆಯ ಕೋಡಿಯೂ

ಶಿಕಾರಿಪುರ, ಸೊರಬ ತಾಲೂಕುಗಳ ಜನರಿಗೆ ಕಡಲಿನ ಚಿಂತೆ ಏಕೆ ಎಂದು ಓದುಗರು ಕೇಳಬಹುದು. ಕುಮುದ್ವತಿಯೂ ವರದೆಯೂ ಪಡುವಣ ಕಡಲಿಗೆ ಬೆನ್ನು ಮಾಡಿ ತುಂಗಭದ್ರೆಯನ್ನು ಸೇರುವ ನದಿಗಳು. ನಮ್ಮ ಗದ್ದೆಗಳಿಗೆ ಉಪ್ಪುನೀರು ನುಗ್ಗುವ ಭಯವಿಲ್ಲ. ಆದರೆ ಈ ಭಾಗದ ಅನೇಕ ಕ್ರೈಸ್ತ ಕುಟುಂಬಗಳ ಮೂಲಮನೆ ಇರುವುದು ಘಟ್ಟದ ಕೆಳಗೆ. ಮದುವೆ, ಮರಣ, ಆಸ್ತಿಯ ಪಾಲು ಇವೆಲ್ಲ ಇಂದಿಗೂ ನಮ್ಮನ್ನು ಕರಾವಳಿಯೊಡನೆ ಕಟ್ಟಿಹಾಕಿವೆ.

ಈಚೆಗೆ ಒಂದು ಭಾನುವಾರ, ಬಲಿಪೂಜೆ ಮುಗಿದ ಬಳಿಕ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಕಡಲಂಚಿನ ಊರಿನಲ್ಲಿರುವ ಅವರ ಪಿತ್ರಾರ್ಜಿತ ಜಾಗದ ತೀರ್ಮಾನವಾಗಬೇಕಿದೆ. ಹಿರಿಯ ಮಗ ಅಲ್ಲಿ ಹೊಸ ಮನೆ ಕಟ್ಟಬೇಕೆನ್ನುತ್ತಾನೆ. ಕಿರಿಯವನು ಬಂದಷ್ಟು ಬೆಲೆಗೆ ಮಾರಿಬಿಡೋಣವೆನ್ನುತ್ತಾನೆ. "ಒಬ್ಬರು ಕಡಲು ಒಂದಡಿ ಏರುತ್ತದೆ ಅಂತಾರೆ, ಇನ್ನೊಬ್ಬರು ಆರಡಿ ಅಂತಾರೆ. ವಿಜ್ಞಾನಿಗಳಿಗೇ ಸರಿಯಾಗಿ ಗೊತ್ತಿಲ್ಲ ಅಂದ ಮೇಲೆ ನಾವು ಯಾರನ್ನು ನಂಬೋದು, ಫಾದರ್?" ಎಂದು ಅವರು ಕೇಳಿದರು.

ಪ್ರಶ್ನೆ ನ್ಯಾಯವಾದುದೇ. ಆದರೆ ಅದರೊಳಗೆ ಒಂದು ತಪ್ಪು ಗ್ರಹಿಕೆ ಅಡಗಿದೆ. ಪೂರ್ತಿಯಾಗಿ ತಿಳಿಯದಿರುವುದೂ ಏನೂ ತಿಳಿಯದಿರುವುದೂ ಒಂದೇ ಅಲ್ಲ.

ಮೊದಲು ತಿಳಿದಿರುವುದನ್ನು ನೋಡೋಣ. ವಿಶ್ವಸಂಸ್ಥೆಯ ಆಶ್ರಯದ ಹವಾಮಾನ ಬದಲಾವಣೆ ಸಮಿತಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, 1901ರಿಂದ 2018ರವರೆಗೆ ಜಗತ್ತಿನ ಕಡಲ ಸರಾಸರಿ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಕಳೆದ ಶತಮಾನದ ಮೊದಲ ಏಳು ದಶಕಗಳಲ್ಲಿ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ಏರಿಕೆ, 2006ರಿಂದ 2018ರ ಅವಧಿಯಲ್ಲಿ 3.7 ಮಿಲಿಮೀಟರಿಗೆ ಮುಟ್ಟಿದೆ. ಕಾರಣಗಳೂ ಸ್ಪಷ್ಟ. ಬಿಸಿಯಾದ ನೀರು ಹಿಗ್ಗುತ್ತದೆ. ನೆಲದ ಮೇಲಿನ ಹಿಮ ಕರಗಿ ಕಡಲನ್ನು ಸೇರುತ್ತದೆ. ಕಡಲು ಏರುತ್ತಿದೆ, ಏರಿಕೆಯ ವೇಗವೂ ಹೆಚ್ಚುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ.

ಸಂದೇಹವಿರುವುದು ಮುಂದಿನ ಏರಿಕೆಯ ಪ್ರಮಾಣದಲ್ಲಿ. 2050ರ ಹೊತ್ತಿಗೆ, 1995-2014ರ ಮಟ್ಟಕ್ಕಿಂತ ಸುಮಾರು 15ರಿಂದ 29 ಸೆಂಟಿಮೀಟರ್ ಏರಿಕೆ ಸಂಭವನೀಯವೆಂದು ಅದೇ ವರದಿ ಹೇಳುತ್ತದೆ. ಇಲ್ಲಿ ಅಂದಾಜುಗಳ ಅಂತರ ಕಿರಿದು. 2100ರ ವೇಳೆಗೆ ಅದು ಬಹಳ ಹಿಗ್ಗುತ್ತದೆ. ಇಂಧನದ ಹೊಗೆಯನ್ನು ಮನುಷ್ಯರು ಬೇಗನೆ ತಗ್ಗಿಸಿದರೆ 28ರಿಂದ 55 ಸೆಂಟಿಮೀಟರ್. ಮಿತಿಮೀರಿ ಹೆಚ್ಚಿಸಿದರೆ 63ರಿಂದ 101 ಸೆಂಟಿಮೀಟರ್. ಅಂಟಾರ್ಕ್ಟಿಕಾದ ಹಿಮದ ಹಾಳೆಗಳು ಅನಿರೀಕ್ಷಿತವಾಗಿ ಕುಸಿದರೆ ಎರಡು ಮೀಟರಿನ ಸಮೀಪಕ್ಕೆ ಹೋಗುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಹಿರಿಯರು ಕೇಳಿದ 'ಒಂದಡಿ'ಯೂ 'ಆರಡಿ'ಯೂ ಹುಟ್ಟಿದ್ದು ಇಲ್ಲಿಂದಲೇ. ಒಂದು, ಮನುಷ್ಯರು ಮುಂದೆ ಹೇಗೆ ನಡೆದುಕೊಳ್ಳುವರೆಂಬ ಅನಿಶ್ಚಯ. ಮತ್ತೊಂದು, ಹಿಮ ಹೇಗೆ ವರ್ತಿಸುವುದೆಂಬ ಅನಿಶ್ಚಯ. ಇವುಗಳಿಗೆ ಸ್ಥಳದ ಅನಿಶ್ಚಯವನ್ನೂ ಸೇರಿಸಬೇಕು. ಉಳ್ಳಾಲದಂಥ ಕಡೆ ದಡ ಕೊರೆದುಹೋಗಲು ನೀರಿನ ಮಟ್ಟವೊಂದೇ ಕಾರಣವಲ್ಲ. ಅಲೆಗಳು ಹೊತ್ತೊಯ್ಯುವ ಮರಳು, ಅಳಿವೆಯ ಬಾಯಲ್ಲಿ ಕಟ್ಟಿದ ತಡೆಗೋಡೆಗಳು ಇವೆಲ್ಲ ಅದರಲ್ಲಿ ಪಾಲುದಾರರು.

ಒಂದು ವಿಷಯದಲ್ಲಿ ಆ ವಿಷಯದ ಸ್ವಭಾವಕ್ಕೆ ಎಷ್ಟು ನಿಖರತೆ ಸಾಧ್ಯವೋ ಅಷ್ಟನ್ನೇ ಅಪೇಕ್ಷಿಸುವುದು ವಿವೇಕಿಯ ಲಕ್ಷಣವೆಂಬುದು ಅರಿಸ್ಟಾಟಲನ ವಿಚಾರ. ಗಣಿತದ ನಿಖರತೆಯನ್ನು ವಾಗ್ಮಿಯಿಂದ ಕೇಳಲಾಗದು. ಸಂತ ಥಾಮಸ್ ಅಕ್ವಿನಾಸರು ಇದೇ ಹಾದಿಯಲ್ಲಿ ನಡೆದು, ಮುಂದಾಲೋಚನೆಯನ್ನು ವಿವೇಕವೆಂಬ ಸದ್ಗುಣದ ಒಂದು ಅಂಗವೆಂದು ಎಣಿಸಿದರು. ಭವಿಷ್ಯ ಖಚಿತವಾಗಿ ತಿಳಿದಿದ್ದರೆ ವಿವೇಕಕ್ಕೆ ಕೆಲಸವೇ ಇರುತ್ತಿರಲಿಲ್ಲ. ಲೆಕ್ಕ ಹಾಕಿದರೆ ಸಾಕಾಗುತ್ತಿತ್ತು. ಆದಿಕಾಂಡದ ಜೋಸೆಫನಿಗೆ ಏಳು ವರ್ಷ ಸಮೃದ್ಧಿ, ಏಳು ವರ್ಷ ಕ್ಷಾಮವೆಂಬ ಲೆಕ್ಕ ಫರೋಹನ ಕನಸಿನ ಮೂಲಕ ದೊರೆತಿತ್ತು. ನಮಗೆ ಅಂಥ ಲೆಕ್ಕ ದೊರೆತಿಲ್ಲ. ಆದಕಾರಣ ನಮ್ಮ ಕರ್ತವ್ಯ ಹಗುರವಾಗುವುದಿಲ್ಲ, ಹೆಚ್ಚುತ್ತದೆ.

ಇದನ್ನು ಅರಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮದು ಕೆರೆಗಳ ಸೀಮೆ. ಕದಂಬರ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯನ್ನು ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ ಇಂದಿಗೂ ಸಾರುತ್ತಿದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಮಾತು ಅದು. ಅಂದು ಕೆರೆ ಕಟ್ಟಿದವರಿಗೆ ಮರುವರ್ಷದ ಮಳೆ ಎಷ್ಟೆಂದು ತಿಳಿದಿರಲಿಲ್ಲ. ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. ಕೆರೆ ಕಟ್ಟುವವರು ಏರಿಯನ್ನು ಎತ್ತರಿಸಿ, ಕೋಡಿಯನ್ನು ಅದಕ್ಕಿಂತ ತಗ್ಗಿನಲ್ಲಿ ಇಡುತ್ತಾರೆ. ಮಳೆ ಕಡಿಮೆಯಾದರೆ ನೀರು ಉಳಿಯುತ್ತದೆ. ಮಿತಿಮೀರಿದರೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಏರಿ ಉಳಿಯುತ್ತದೆ. ಏರಿಗೂ ಕೋಡಿಗೂ ನಡುವಿನ ಆ ಅಂತರವೇ ಹಿರಿಯರು ತಮ್ಮ ಅಜ್ಞಾನಕ್ಕೆ ಕೊಟ್ಟ ಗೌರವ. ಸಂದೇಹ ಹೆಚ್ಚಿದ್ದಷ್ಟೂ ಆ ಅಂತರವೂ ಹೆಚ್ಚಬೇಕು. ಇದು ನಮ್ಮ ವಾದದ ತಿರುಳು.

ಕರಾವಳಿಯ ರೈತರಿಗೂ ಈ ವಿದ್ಯೆ ಹೊಸದಲ್ಲ. ಕುಮಟಾದ ಬಳಿ ಅಘನಾಶಿನಿಯ ಅಳಿವೆಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ದೂರದ ಲಂಡನ್ ನಗರದ ಕ್ರಮವೂ ಗಮನಾರ್ಹ. ಥೇಮ್ಸ್ ನದಿಯ ಅಳಿವೆಯ ರಕ್ಷಣೆಗೆ 2012ರಲ್ಲಿ ರೂಪಿಸಿದ ಯೋಜನೆ ಇಡೀ ಶತಮಾನಕ್ಕೆ ಒಂದೇ ಅಂಕಿಯನ್ನು ನಂಬಿ ಕುಳಿತಿಲ್ಲ. ಈಗ ಬೇಕಾದ ಕೆಲಸವನ್ನು ಈಗ ಮಾಡುವುದು, ಕಡಲ ಮಟ್ಟವನ್ನು ಅಳೆಯುತ್ತಿರುವುದು, ಏರಿಕೆಯ ಗತಿ ಬದಲಾದರೆ ಮುಂದಿನ ಹೆಜ್ಜೆಯನ್ನು ಬೇಗನೆ ಇಡುವುದು, ಅದಕ್ಕೆ ಬೇಕಾದ ಜಾಗವನ್ನು ಕಾದಿರಿಸುವುದು ಇವು ಅದರ ನೀತಿ.

ನಮ್ಮ ದೇಶದ ನಿಯಮಗಳು ಈ ಒರೆಗಲ್ಲಿನಲ್ಲಿ ಹೇಗೆ ಕಾಣುತ್ತವೆ? 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಗ್ರಾಮೀಣ ತೀರಗಳಲ್ಲಿ ಭರತದ ರೇಖೆಯಿಂದ 200 ಮೀಟರ್ ಜಾಗವನ್ನು ಹೊಸ ಕಟ್ಟಡಗಳಿಂದ ಮುಕ್ತವಾಗಿಡಲು ಯತ್ನಿಸಿತ್ತು. 2019ರ ಅಧಿಸೂಚನೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಲ್ಲಿ ಇದನ್ನು 50 ಮೀಟರಿಗೆ ಇಳಿಸಲು ಅವಕಾಶವಿತ್ತಿತು. ತೀರದ ಬಡವರಿಗೂ ಮನೆ ಬೇಕೆಂಬ ಬೇಡಿಕೆ ನ್ಯಾಯವಾದುದು. ಅದನ್ನು ನಾವು ಅಲ್ಲಗಳೆಯೆವು. ಆದರೆ ಜನದಟ್ಟಣೆ ಹೆಚ್ಚಿದ್ದಲ್ಲಿ ಕಡಲು ದೂರ ನಿಲ್ಲುವುದಿಲ್ಲ. ಕಡಲ ಮಟ್ಟದ ಏರಿಕೆಯನ್ನೂ ಗಣಿಸಿ ಎಳೆದ 'ಅಪಾಯ ರೇಖೆ'ಯ ಪ್ರಸ್ತಾಪ ಅದೇ ಅಧಿಸೂಚನೆಯಲ್ಲಿದ್ದರೂ ಅದು ವಿಪತ್ತು ನಿರ್ವಹಣೆಯ ಸಾಧನವಾಗಿದೆಯೇ ಹೊರತು ಕಟ್ಟಡಗಳಿಗೆ ಮಿತಿಯಲ್ಲ. ಸಂದೇಹ ಹೆಚ್ಚುತ್ತಿರುವ ಕಾಲದಲ್ಲಿ ಅಂತರವನ್ನು ಕಿರಿದಾಗಿಸುವುದು, ಮಳೆಗಾಲದ ಮುನ್ನ ಕೋಡಿಯನ್ನು ಎತ್ತರಿಸಿದಂತೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಇಂಥ ವರ್ಷಕ್ಕೆ ಇಂಥ ಊರು ಮುಳುಗಿಯೇ ಹೋಗುವುದೆಂದು ಅಬ್ಬರಿಸುವವರು ಸಂದೇಹವನ್ನು ಭಯವನ್ನಾಗಿ ಮಾರುತ್ತಾರೆ. ಹೆದರಿದ ಮೀನುಗಾರ ಕುಟುಂಬ ಕಾಸಿಗೆ ಭೂಮಿ ಮಾರಿದರೆ ನಷ್ಟ ಅವರಿಗೇ, ಲಾಭ ಬೇರೆಯವರಿಗೆ. ಪೋಪ್ ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಕಡಲ ಮಟ್ಟದ ಏರಿಕೆಯನ್ನು ಪ್ರಸ್ತಾಪಿಸಿ, ಪರಿಸರದ ಪೆಟ್ಟು ಮೊದಲು ಬಡವರ ಮೇಲೆ ಬೀಳುವುದೆಂದು ಎಚ್ಚರಿಸಿದ್ದನ್ನು ನಾವು ಮರೆಯಬಾರದು.

ಆ ಹಿರಿಯರಿಗೆ ನಾವು ಒಂದಡಿ ಎಂದಾಗಲಿ ಆರಡಿ ಎಂದಾಗಲಿ ಹೇಳಲಿಲ್ಲ. ಎರಡು ಪ್ರಶ್ನೆಗಳನ್ನು ಮರಳಿ ಕೇಳಿದೆವು. ಕಟ್ಟುವ ಮನೆ ಎಷ್ಟು ವರ್ಷ ಬಾಳಬೇಕು? ಲೆಕ್ಕ ತಪ್ಪಿದರೆ ಕಳೆದುಕೊಳ್ಳುವುದೇನು? ತೀರದ ತೆಂಗಿನ ತೋಟ ಹತ್ತು ವರ್ಷ ಫಲ ಕೊಟ್ಟರೂ ನಷ್ಟವಿಲ್ಲ; ಬಲೆ ಇಡುವ ಕೊಟ್ಟಿಗೆಯನ್ನು ಮತ್ತೊಂದು ಕಡೆ ಕಟ್ಟಬಹುದು. ಮೊಮ್ಮಕ್ಕಳು ಬಾಳಬೇಕಾದ ಮನೆಗಾದರೋ ಕಡೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಜಾಗವನ್ನು ಮಾರುವ ಅವಸರ ಬೇಡ. ಮನೆಯನ್ನು ಮಾತ್ರ ಒಳಗೆ, ಎತ್ತರದಲ್ಲಿ ಕಟ್ಟಿರಿ. ಅದಕ್ಕೆ ಮುನ್ನ ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತಿದೆಯೇ, ಕಳೆದ ಇಪ್ಪತ್ತು ವರ್ಷಗಳಲ್ಲಿ ದಡ ಎಷ್ಟು ಹಿಂದೆ ಸರಿದಿದೆ ಎಂದು ನೆರೆಹೊರೆಯವರನ್ನು ಕೇಳಿರಿ ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಕೋಡಿ ನೋಡಿ ಏರಿ ಕಟ್ಟು ಅಂತೀರಿ" ಎಂದರು. ನಾವು ಇಷ್ಟು ಉದ್ದ ಬರೆದುದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.