ಎಲ್ಲರದೂ ಒಂದೇ ಸೆರಗು

2025ರ ಸೆಪ್ಟೆಂಬರಿನಲ್ಲಿ ಕೆಲವು ದಿನ ನಮ್ಮ ದೇಶದ ಹೆಣ್ಣುಮಕ್ಕಳೆಲ್ಲ ಒಂದೇ ಅಂಗಡಿಯಲ್ಲಿ ಸೀರೆ ಕೊಂಡವರಂತೆ ಕಂಡರು. ಗೂಗಲ್‌ನ ಜೆಮಿನಿಗೆ ಆಗಷ್ಟೇ ಬಂದಿದ್ದ ‘ನ್ಯಾನೊ ಬನಾನಾ’ಗೆ ಒಂದು ಸೆಲ್ಫಿ ಒಪ್ಪಿಸಿದರೆ ಸಾಕು, ಹಳೇ ಹಿಂದಿ ಸಿನಿಮಾದ ನಾಯಕಿಯಂತೆ ಶಿಫಾನ್ ಸೀರೆ ಉಟ್ಟು, ಮುಡಿಗೆ ಹೂವಿಟ್ಟು, ಸಂಜೆ ಬಿಸಿಲಿಗೆ ಮುಖವೊಡ್ಡಿ ನಿಂತ ಚಿತ್ರ ಸಿದ್ಧ. ಗಾಳಿಗೆ ಸೆರಗು ಹಾರಲೇಬೇಕು. ಚಿಕ್ಕೋಡಿಯವಳಿಗೂ ಅದೇ ಸೆರಗು, ಚಂಡೀಗಢದವಳಿಗೂ ಅದೇ ಗಾಳಿ. ಯಂತ್ರಕ್ಕೆ ಹೇಳಬೇಕಾದ ಮಾತನ್ನೂ ಹೆಚ್ಚಿನವರು ಸ್ವಂತ ಬರೆಯಲಿಲ್ಲ. ಯಾರೋ ಬರೆದಿಟ್ಟದ್ದನ್ನು ನಕಲು ಮಾಡಿ ಅಂಟಿಸಿದರು. ಅದೇ ವರ್ಷದ ಮಾರ್ಚಿನಲ್ಲಿ ಇವರೆಲ್ಲ ಜಪಾನಿನ ಗಿಬ್ಲಿ ಕಾರ್ಟೂನುಗಳಾಗಿದ್ದರು ಎಂಬುದು ಬೇರೆ ಮಾತು.

ಕಾಸು ಖರ್ಚಿಲ್ಲದ ಆಟ, ಆಡಿಕೊಳ್ಳಲಿ ಬಿಡಿ ಎನ್ನಬಹುದು. ಆಟಕ್ಕೆ ನನ್ನದೂ ತಕರಾರಿಲ್ಲ. ಆದರೆ ಅದು ನಾವು ಬಟ್ಟೆ ಕೊಳ್ಳುವ ರೀತಿ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ತೋರಿಸಿಬಿಟ್ಟಿತು. ಹತ್ತು ಹದಿನೈದು ವರ್ಷಗಳಿಂದ ನಾವು ಉಡುವುದಕ್ಕಿಂತ ಹೆಚ್ಚಾಗಿ ಫೋಟೊಗೆ ಅಂತಲೇ ಬಟ್ಟೆ ಕೊಳ್ಳುತ್ತಿದ್ದೇವೆ. ಚಿತ್ರವೇ ಮುಖ್ಯ ಎಂದಾದ ಮೇಲೆ ನಡುವೆ ಬಟ್ಟೆ ಯಾಕೆ ಬೇಕು? ಯಂತ್ರ ಅದನ್ನು ತೆಗೆದುಹಾಕಿತು, ಅಷ್ಟೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಮುಂದಿಟ್ಟು, ಮೆಚ್ಚಿಸಲು ಉಡುವುದು ಇವತ್ತಿನದೇನಲ್ಲ ಎಂದು ವಾದಿಸುವವರಿದ್ದಾರೆ. ನಿಜ. ಆದರೆ ಆ ಗಾದೆಯ ಕಾಲದ ಪರರಿಗೆ ಕಣ್ಣಿನ ಜೊತೆ ಕೈಯೂ ಇತ್ತು. ಮದುವೆ ಮನೆಯಲ್ಲಿ ಪಕ್ಕಕ್ಕೆ ಬಂದು ಕೂತ ಹಿರಿಯಾಕೆ ಮಾತಾಡುತ್ತಲೇ ನಿಮ್ಮ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, ಎಲ್ಲಿ ತಗೊಂಡೆ, ಎಷ್ಟು ಕೊಟ್ಟೆ, ಬಣ್ಣ ಬಿಡುತ್ತಾ ಎಂದು ವಿಚಾರಿಸುತ್ತಿದ್ದರು. ಆ ಪರೀಕ್ಷೆಯಲ್ಲಿ ಪಾಲಿಯೆಸ್ಟರ್ ಪಾಸಾಗುವುದು ಕಷ್ಟವಿತ್ತು. ಇವತ್ತಿನ ಪರರು ಪರದೆಯ ಆಚೆಗಿದ್ದಾರೆ. ಅವರು ನೋಡಬಲ್ಲರು, ಮುಟ್ಟಲಾರರು. ಒಗೆದರೆ ಏನಾಗುತ್ತದೆ, ಬೇಸಿಗೆಯಲ್ಲಿ ಮೈಗೆ ಹೇಗಿರುತ್ತದೆ, ಹತ್ತು ವರ್ಷ ಬಾಳುತ್ತದೆಯೇ ಎಂಬುದೆಲ್ಲ ಅವರ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಮೊದಲು ಹೋದದ್ದು ಗುಣಮಟ್ಟ. ಅದು ಹೋದ ಮೇಲೆ ಉಳಿಯುವುದು ಬಣ್ಣ, ಹೊಳಪು, ಭಂಗಿ. ಯಾವುದಕ್ಕೆ ಲೈಕು ಬಂತೋ ಅದನ್ನೇ ಮತ್ತೆ ಮತ್ತೆ ಮುಂದೆ ತಳ್ಳುವುದು ಅಲ್ಗಾರಿದಮ್ಮಿನ ಸ್ವಭಾವವಾದ್ದರಿಂದ ಎಲ್ಲರ ಬಣ್ಣ, ಹೊಳಪು, ಭಂಗಿಯೂ ಒಂದೇ ಆಗುತ್ತದೆ.

ಕೈಗೆ ಸಿಕ್ಕಿ ಕ್ಯಾಮೆರಾಗೆ ಸಿಗದ ಗುಣ ಅಂದರೆ ಏನು ಎಂದು ಕೇಳಿದರೆ ನಾನು ಇಳಕಲ್ ಸೀರೆಯನ್ನು ತೋರಿಸುತ್ತೇನೆ. ಅದರ ಮೈಯ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ಸಿದ್ಧಪಡಿಸಿ, ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಕೊಂಡಿಯ ಕೆಲಸವೇ ಇಳಕಲ್ಲಿನ ಗುಟ್ಟು, ಅದೇ ಅದರ ತೊಂದರೆಯೂ ಹೌದು. ಅದಿಲ್ಲದಿದ್ದರೆ ಉದ್ದನೆಯ ಹಾಸು ಬಿಟ್ಟು ಒಂದರ ಹಿಂದೊಂದು ಸೀರೆ ನೇಯಬಹುದಿತ್ತು. ಕೊಂಡಿ ಬೇಕೆಂದರೆ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಅಣಿಗೊಳಿಸಬೇಕು. ಆರು ಗಜದ್ದೋ ಎಂಟು ಗಜದ್ದೋ ಒಂಬತ್ತು ಗಜದ್ದೋ ಎಂದು ಮೊದಲೇ ತೀರ್ಮಾನವಾಗಬೇಕು. ಸಂತೆ ಹೊತ್ತಿಗೆ ಮೂರು ಮೊಳ ನೇಯುವವರ ಅವಸರ ಇಲ್ಲಿ ನಡೆಯುವುದಿಲ್ಲ. ಸೆರಗಿನ ಕೆಂಪು ರೇಷ್ಮೆಯ ಮೇಲೆ ಬಿಳಿಯಲ್ಲಿ ಮೂಡುವ ಆಕೃತಿಗಳನ್ನು ನೋಡಿ: ಬಾಚುವ ಹಣಿಗೆ, ಕೋಟೆಯ ಕೊಮ್ಮೆ, ಜೋಳದ ತೆನೆ. ಬಾಗಲಕೋಟೆ ಸೀಮೆಯಲ್ಲಿ ದಿನವೂ ಕಣ್ಣಿಗೆ ಬೀಳುವ ವಸ್ತುಗಳೇ ಸೆರಗಿಗೆ ಏರಿವೆ.

ಇಲ್ಲಿ ಒಬ್ಬ ಜಾಣ ಓದುಗ ನನ್ನನ್ನು ಹಿಡಿಯಬಹುದು. ಉತ್ತರ ಕರ್ನಾಟಕದ ಹೆಂಗಸರು ತಲೆಮಾರುಗಳ ಕಾಲ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಬಿಟ್ಟು ಬೇರೇನೂ ತೊಡಲಿಲ್ಲವಲ್ಲ, ಅದಕ್ಕಿಂತ ದೊಡ್ಡ ಏಕರೂಪತೆ ಯಾವುದು? ಸರಿಯಾದ ಪ್ರಶ್ನೆ. ಅದರಲ್ಲಿ ಜಾತಿ, ಬಡತನ, ವೈಧವ್ಯದ ಕಟ್ಟಳೆಗಳೂ ಇದ್ದವು. ಅವನ್ನು ಸಂಪ್ರದಾಯದ ಸೊಬಗೆಂದು ನಾನು ಹೊಗಳಲಾರೆ. ಆದರೂ ಆ ಚೌಕಟ್ಟಿನೊಳಗೆ ಆಯ್ಕೆ ಅನ್ನುವುದೊಂದಿತ್ತು. ದಡಿ ಚಿಕ್ಕಿಯೋ ಗೋಮಿಯೋ, ಮೈಗೆ ಚೌಕಡಿಯೋ ಬರೀ ಬಣ್ಣವೋ, ದಾಳಿಂಬೆಯ ಕೆಂಪೋ ನವಿಲಿನ ಹಸಿರೋ ಎಂದು ತೂಗಿ ನೋಡಿ ಆರಿಸುತ್ತಿದ್ದರು. ಆರಿಸಿದ್ದನ್ನು ವರ್ಷಗಟ್ಟಲೆ ಉಟ್ಟು, ಮೆತ್ತಗಾಗಿಸಿ, ಬಿಡುವಾದಾಗ ಅದರ ಮೇಲೆ ಕಸೂತಿಯ ಗೋಪುರವನ್ನೋ ತೇರನ್ನೋ ತಾವೇ ಹಾಕಿಕೊಳ್ಳುತ್ತಿದ್ದರು. ಕೊಳ್ಳುವಾಗ ಎಲ್ಲರದರಂತೆ ಇದ್ದ ಸೀರೆ ಉಡುತ್ತ ಉಡುತ್ತ ಒಬ್ಬಳದಾಗುತ್ತಿತ್ತು. ಒಮ್ಮೆ ಉಟ್ಟು ರೀಲ್ಸ್ ಮಾಡಿ ಮಡಚಿಟ್ಟ ಬಟ್ಟೆಗೆ ಆ ಅವಕಾಶವೇ ಸಿಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳ ಜೊತೆ ಕಟ್ಟಿದ ‘ಚರಕ’ ಸಹಕಾರ ಸಂಘ ಅಡಿಕೆ ಚೊಗರಿನಿಂದ, ದಾಳಿಂಬೆ ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಕಟ್ಟುವುದಕ್ಕೆ ಹೆಸರಾಯಿತು. ಇಂಥ ಬಣ್ಣ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ. ನೀರು, ಬಿಸಿಲು, ಆ ವರ್ಷದ ಚೊಗರು, ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಕೈಮಗ್ಗದ ಬಟ್ಟೆಯಲ್ಲೂ ಅಲ್ಲೊಂದು ದಪ್ಪ ಎಳೆ, ಇಲ್ಲೊಂದು ಗಂಟು ಇದ್ದೇ ಇರುತ್ತದೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಇದಕ್ಕಿರುವ ಹೆಸರು ‘ಡಿಫೆಕ್ಟ್’. ಚಿತ್ರದಲ್ಲಿದ್ದ ಬಣ್ಣವೇ ಬರಲಿಲ್ಲವೆಂದು ಗ್ರಾಹಕ ವಾಪಸು ಕಳಿಸುತ್ತಾನೆ. ನಾವು ಪ್ರೊಫೈಲಿನಲ್ಲಿ ‘ಬಿ ಯುವರ್‌ಸೆಲ್ಫ್’ ಎಂದು ಬರೆದುಕೊಂಡು, ಬಟ್ಟೆ ಮಾತ್ರ ತನ್ನಂತೆ ತಾನಿರಬಾರದು ಎನ್ನುವವರು.

ಹಳದಿ ಶಾಸ್ತ್ರದ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮಲ್ಲಿ ಅರಿಶಿನ ಹಚ್ಚುವ ದಿನ ಹಳೆಯ ಸೀರೆ, ಹಳೆಯ ಪಂಚೆ ಉಟ್ಟುಕೊಳ್ಳುತ್ತಿದ್ದರು. ಕಾರಣ ಸರಳ: ಅರಿಶಿನದ ಕಲೆ ಹೋಗುವುದಿಲ್ಲ. ಈಗ ಅದಕ್ಕೆಂದೇ ಹೊಸ ಹಳದಿ ಲೆಹೆಂಗಾ, ಹಳದಿ ಕುರ್ತಾ, ಹಳದಿ ಕೃತಕ ಹೂವಿನ ಆಭರಣ, ಹಿಂದೆ ಹಳದಿ ಪರದೆ, ಮುಂದೆ ಡ್ರೋನು. ಅರಿಶಿನ ಮಾತ್ರ ಬಟ್ಟೆಗೆ ತಾಗದಂತೆ ಕೆನ್ನೆಗೆ ಒಂದು ಬೊಟ್ಟು.

ಜಾಲತಾಣದ ಮೇಲೆಯೇ ಎಲ್ಲ ತಪ್ಪು ಹೊರಿಸುವುದೂ ಸೋಮಾರಿತನ. 2015ರಲ್ಲಿ ಬೆಂಗಳೂರಿನ ಅಂಜು ಮೌದ್ಗಲ್ ಕದಂ ಮತ್ತು ಆ್ಯಲಿ ಮತ್ತನ್ ಎಂಬ ಗೆಳತಿಯರು ‘ನೂರು ಸೀರೆ ಒಪ್ಪಂದ’ ಶುರುಮಾಡಿದಾಗ ಅದೂ ಹ್ಯಾಶ್‌ಟ್ಯಾಗಿನಲ್ಲೇ ಹರಡಿದ್ದು. ವರ್ಷದಲ್ಲಿ ನೂರು ಸಲ ಸೀರೆ ಉಡಬೇಕು, ಸೀರೆಯ ಕಥೆಯನ್ನೂ ಹಂಚಿಕೊಳ್ಳಬೇಕು ಎಂಬುದು ಅದರ ಹುರುಳು. ಅಜ್ಜಿಯದ್ದು, ಮೊದಲ ಸಂಬಳದ್ದು, ಜಗಳವಾಡಿ ಕೊಂಡದ್ದು ಅಂತ ಕಪಾಟಿನ ತಳದಿಂದ ಸೀರೆಗಳು ಎದ್ದು ಬಂದವು. ಹೊಸದನ್ನು ಕೊಳ್ಳು ಎನ್ನುವ ಬದಲು ಇರುವುದನ್ನು ಉಡು ಎಂದ ಟ್ರೆಂಡು ನನಗೆ ಗೊತ್ತಿರುವಂತೆ ಅಪರೂಪ. ಅದರ ಪಕ್ಕದಲ್ಲಿಟ್ಟರೆ ಪ್ರತಿ ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದಂದು ಕಾಣುವ ದೊಡ್ಡ ಬೊಟ್ಟು, ಕಪ್ಪಿಟ್ಟ ಬೆಳ್ಳಿಯ ಜುಮುಕಿ, ಕಿಟಕಿ ಪಕ್ಕದ ಓರೆನೋಟ ಇನ್ನೊಂದು ಬಗೆಯ ಯೂನಿಫಾರ್ಮ್ ಆಗಿಬಿಟ್ಟಿದೆ. ಕೈಮಗ್ಗದ್ದಾದರೂ ಆಯಿತಲ್ಲ ಎಂದು ಸುಮ್ಮನಿರುತ್ತೇನೆ.

ಸುಮ್ಮನಿರಲು ಕಾರಣವಿದೆ. ಕೇಂದ್ರ ಸರ್ಕಾರದ ಕೈಮಗ್ಗ ಗಣತಿಯ ಪ್ರಕಾರ 2009-10ರಲ್ಲಿ ದೇಶದಲ್ಲಿ 43 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದರು; 2019-20ರ ಗಣತಿಯಲ್ಲಿ ಅದು ಸುಮಾರು 35 ಲಕ್ಷಕ್ಕೆ ಇಳಿದಿತ್ತು. ಸುಮಾರು ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ ಐದು ಸಾವಿರ ರೂಪಾಯಿ ದಾಟುತ್ತಿರಲಿಲ್ಲ. ಹೀಗಿರುವಾಗ ಕೈಮಗ್ಗದ ಸೀರೆ ದುಬಾರಿ ಎಂಬ ಮಾತನ್ನು ಯಾರು ಆಡುತ್ತಾರೆ ಎಂಬುದು ಮುಖ್ಯ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ವಿದೇಶಿ ಬ್ರ್ಯಾಂಡುಗಳಿಗೆ ಅಂಗಿ ಹೊಲಿದು, ಶನಿವಾರ ಸಂಜೆ ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಯ ಕುರ್ತಾ ಆರಿಸುವ ಹುಡುಗಿ ಆಡಿದರೆ ಅದು ನಿಜ. ಎಲ್ಲರಂತೆ ಕಾಣುವುದೇ ಆಕೆಗೆ ಈ ಊರಲ್ಲಿ ಸಿಗುವ ಒಂದಿಷ್ಟು ಮರ್ಯಾದೆ. ಅವಳಿಗೆ ಅನನ್ಯತೆಯ ಪಾಠ ಹೇಳುವ ಅಧಿಕಾರ ನನಗಿಲ್ಲ. ಒಂದು ಮದುವೆಗೆ ಮೆಹಂದಿಗೊಂದು, ಹಳದಿಗೊಂದು, ಸಂಗೀತಕ್ಕೊಂದು, ರಿಸೆಪ್ಷನ್ನಿಗೊಂದು ಎಂದು ನಾಲ್ಕು ಜೊತೆ ಪಾಲಿಯೆಸ್ಟರ್ ಕೊಳ್ಳುವವರು ಆಡಿದರೆ, ಆ ನಾಲ್ಕರ ಬಿಲ್ಲನ್ನು ಕೂಡಿ ನೋಡಿ ಎನ್ನುತ್ತೇನೆ. ಒಂದು ಒಳ್ಳೆಯ ಇಳಕಲ್ ಅದರಲ್ಲಿ ಬಂದು, ಖಣಕ್ಕೂ ದುಡ್ಡು ಉಳಿದೀತು.

ಆನ್‌ಲೈನಿನಲ್ಲೇ ಕೊಳ್ಳಬೇಕೆನ್ನುವವರು, ಸೀರೆಯ ಹಿಂಬದಿಯ ಚಿತ್ರ ಕಳಿಸಿ, ಮೈಗೂ ಸೆರಗಿಗೂ ಕೊಂಡಿ ಬಿದ್ದ ಜಾಗವನ್ನು ಹತ್ತಿರದಿಂದ ತೋರಿಸಿ ಎಂದು ಮಾರುವವರನ್ನು ಕೇಳಬಹುದು. ನೇಯ್ದವರಾಗಿದ್ದರೆ ಖುಷಿಯಾಗಿ ವಿಡಿಯೊ ಮಾಡಿಯೇ ಕಳಿಸಿಯಾರು. ಉಳಿದವರಿಂದ ‘ಸ್ಟಾಕ್ ಖಾಲಿ ಮೇಡಂ’ ಎಂಬ ಉತ್ತರ ಬಂದರೆ ಅಲ್ಲಿಗೆ ವ್ಯವಹಾರ ಮುಗಿಯಿತು, ದುಡ್ಡು ಉಳಿಯಿತು.