ಕೊಲ್ಲುವ ಶಿರಸ್ತ್ರಾಣವೂ ಪುಟ್ಟ ದೇಹವೂ

ಜಪಾನಿನ ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ಕಥಾಮಾಲೆಯ ಹೆಸರನ್ನು ನಮ್ಮ ತರುಣ ವಾಚಕರಲ್ಲಿ ಅನೇಕರು ಬಲ್ಲರು. ಹಿರಿಯರಿಗಾಗಿ ಎರಡು ಮಾತು ಹೇಳಬೇಕಾಗಿದೆ. ರೇಕಿ ಕವಹರಾ ಎಂಬವರ ಈ ಕಾದಂಬರಿಗಳು ೨೦೦೯ರಿಂದ ಪುಸ್ತಕರೂಪದಲ್ಲಿ ಹೊರಬರತೊಡಗಿದವು. ೨೦೧೨ರಲ್ಲಿ ಅವು ಅನಿಮೆಯಾಗಿ, ಎಂದರೆ ಜಪಾನೀ ಶೈಲಿಯ ಚಲಿಸುವ ಚಿತ್ರಗಳ ಧಾರಾವಾಹಿಯಾಗಿ, ಪ್ರಸಾರಗೊಂಡವು. ಶಿರಸ್ತ್ರಾಣವೊಂದನ್ನು ಧರಿಸಿ ಮಲಗಿದ ಆಟಗಾರನು ಗಣಕಯಂತ್ರವು ಸೃಷ್ಟಿಸಿದ ಲೋಕದಲ್ಲಿ ಕಣ್ಣು ತೆರೆಯುತ್ತಾನೆ. ಅಲ್ಲಿ ನಡೆಯುತ್ತಾನೆ, ಉಣ್ಣುತ್ತಾನೆ, ಕತ್ತಿ ಹಿಡಿದು ಕಾದುತ್ತಾನೆ. ಕಥೆಯ ಪ್ರಕಾರ ೨೦೨೨ರ ನವೆಂಬರ್ ೬ರಂದು ಹತ್ತು ಸಾವಿರ ಮಂದಿ ಈ ಲೋಕದಲ್ಲಿ ಸೆರೆಯಾಗುತ್ತಾರೆ. ಆಟದಲ್ಲಿ ಸತ್ತವನ ಮಿದುಳನ್ನು ಅವನು ಧರಿಸಿದ ಶಿರಸ್ತ್ರಾಣವೇ ಮೈಕ್ರೋವೇವ್ ಅಲೆಗಳಿಂದ ಸುಟ್ಟುಬಿಡುತ್ತದೆ.

ಇದೇ ಲೋಕಕ್ಕೆ ಸೇರಿದ, ಕೆಯಿಚಿ ಸಿಗ್ಸಾವಾ ಎಂಬ ಮತ್ತೊಬ್ಬ ಲೇಖಕರ ಕಾದಂಬರಿಗಳನ್ನು ಆಧರಿಸಿದ ‘ಗನ್ ಗೇಲ್ ಆನ್‌ಲೈನ್’ ಎಂಬ ಉಪಮಾಲೆಯ ಎರಡನೆಯ ಭಾಗವು ೨೦೨೪ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪ್ರಸಾರವಾಯಿತು; ಮೊದಲನೆಯದು ೨೦೧೮ರಲ್ಲಿ ಬಂದಿದ್ದಿತು. ಈ ಎರಡನೆಯ ಭಾಗದಲ್ಲಿ ಪ್ರಾಣಭಯವಿಲ್ಲ. ತಂಡಗಳು ಬಂದೂಕು ಹಿಡಿದು ಸ್ಪರ್ಧಿಸುತ್ತವೆ. ಸೋತವನು ಸ್ಪರ್ಧೆಯಿಂದ ಹೊರಬೀಳುತ್ತಾನೆ, ಅಷ್ಟೆ. ಮೂಲಕಥೆಯ ಗಾಂಭೀರ್ಯ ಇದರಲ್ಲಿಲ್ಲ, ಇದು ಬರಿಯ ಗುಂಡಿನ ಗದ್ದಲವೆಂದು ಹೇಳುವವರು ಉಂಟು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಕಥೆಯಾಗಿ ಅದು ಹಗುರವಾಗಿರಬಹುದು. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಹಗುರವಾದ ಕಥೆಯೇ ಹೆಚ್ಚು ತೂಕದ್ದು.

ಮೊದಲು ಆ ಶಿರಸ್ತ್ರಾಣವನ್ನೇ ಪರೀಕ್ಷಿಸೋಣ. ಅದು ಮಾಡಬೇಕಾದ ಕೆಲಸ ಒಂದಲ್ಲ, ಮೂರು. ಮಿದುಳು ಕೈಕಾಲುಗಳಿಗೆ ಕಳುಹುವ ಆಜ್ಞೆಗಳನ್ನು ಅದು ಓದಬೇಕು. ಆ ಆಜ್ಞೆಗಳು ನಿಜವಾದ ಕೈಕಾಲುಗಳನ್ನು ಮುಟ್ಟದಂತೆ ತಡೆಯಬೇಕು. ಕಾಣುವ, ಕೇಳುವ, ಮುಟ್ಟುವ ಅನುಭವಗಳನ್ನು ಮಿದುಳಿನಲ್ಲಿ ಬರೆಯಬೇಕು. ಕಥೆಯು ಈ ಮೂರನ್ನೂ ಒಂದೇ ಬಾಗಿಲೆಂಬಂತೆ ತೆರೆದುಬಿಡುತ್ತದೆ. ಪ್ರಯೋಗಶಾಲೆಯಲ್ಲಿ ಹಾಗಿಲ್ಲ.

ತಡೆಯುವ ಕೆಲಸವನ್ನು ಪ್ರಕೃತಿಯು ಪ್ರತಿರಾತ್ರಿಯೂ ನಮ್ಮೆಲ್ಲರಲ್ಲಿ ನಡೆಸುತ್ತಿದೆ. ಕನಸು ಕಾಣುವ ನಿದ್ರೆಯಲ್ಲಿ ಮಿದುಳಿನ ಕಾಂಡದ ಒಂದು ಭಾಗವು ಸ್ನಾಯುಗಳಿಗೆ ಹೋಗುವ ಆಜ್ಞೆಗಳಿಗೆ ಅಡ್ಡಗಟ್ಟೆ ಹಾಕುತ್ತದೆ. ಆದುದರಿಂದಲೇ ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡುವುದಿಲ್ಲ. ಫ್ರಾನ್ಸಿನ ಮಿಷೆಲ್ ಜೂವೆ ಎಂಬ ವಿಜ್ಞಾನಿಯು ಬೆಕ್ಕುಗಳಲ್ಲಿ ಈ ಕಟ್ಟೆಯನ್ನು ಕೆಡಿಸಿದಾಗ, ಅವು ನಿದ್ರೆಯಲ್ಲಿಯೇ ಎದ್ದು ಬೇಟೆಯಾಡುವಂತೆ ವರ್ತಿಸಿದವು. ಕವಹರಾ ಅವರ ಕಲ್ಪನೆಯಲ್ಲಿ ಪ್ರಕೃತಿಗೆ ಅತ್ಯಂತ ಸಮೀಪವಾಗಿರುವ ಭಾಗವು ಇದೇ ಎಂದು ನಮಗೆ ತೋರುತ್ತದೆ.

ಓದುವ ಕೆಲಸದಲ್ಲಿ ಮನುಷ್ಯನು ಸ್ವಲ್ಪ ದೂರ ಸಾಗಿದ್ದಾನೆ. ಜರ್ಮನಿಯ ಹಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದ ಮೊದಲ ಬಾರಿಗೆ ದಾಖಲಿಸಿದನು. ಆದರೆ ತಲೆಬುರುಡೆಯ ಹೊರಗೆ ನಿಂತು ಆಲಿಸುವುದೆಂದರೆ ಜಾತ್ರೆಯ ಗದ್ದಲವನ್ನು ಊರ ಹೊರಗಿನಿಂದ ಕೇಳಿದಂತೆ; ಜನ ಸೇರಿದ್ದಾರೆಂಬುದು ತಿಳಿಯುತ್ತದೆ, ಯಾರು ಏನೆಂದರೆಂಬುದು ತಿಳಿಯದು. ಅದಕ್ಕಾಗಿ ಬುರುಡೆಯನ್ನು ತೆರೆಯಬೇಕು. ಅಮೆರಿಕದಲ್ಲಿ ೨೦೦೪ರಲ್ಲಿ ಕೈಕಾಲುಗಳ ಚಲನೆಯನ್ನು ಕಳೆದುಕೊಂಡಿದ್ದ ತರುಣನೊಬ್ಬನ ಮಿದುಳಿನಲ್ಲಿ ೯೬ ವಿದ್ಯುದಗ್ರಗಳುಳ್ಳ ಚಿಕ್ಕ ಫಲಕವನ್ನು ನೆಟ್ಟಾಗ, ಅವನು ಯೋಚನೆಯಿಂದಲೇ ಗಣಕಯಂತ್ರದ ಪರದೆಯ ಮೇಲಿನ ಬಾಣವನ್ನು ಚಲಿಸಬಲ್ಲವನಾದನು. ೨೦೨೪ರ ಜನವರಿಯಲ್ಲಿ ನ್ಯೂರಾಲಿಂಕ್ ಸಂಸ್ಥೆಯು ೧೦೨೪ ವಿದ್ಯುದಗ್ರಗಳನ್ನು ಹೊತ್ತ ಸೂಕ್ಷ್ಮ ತಂತುಗಳನ್ನು ಅಂತಹುದೇ ಸ್ಥಿತಿಯಲ್ಲಿದ್ದ ಒಬ್ಬರಿಗೆ ಅಳವಡಿಸಿತು. ಕೆಲವು ವಾರಗಳಲ್ಲಿ ತಂತುಗಳು ಹಲವು ಸ್ಥಳ ಬಿಟ್ಟು ಜಾರಿದರೂ, ಆ ವ್ಯಕ್ತಿಯು ಚದುರಂಗವಾಡಿದುದನ್ನು ಲೋಕವೆಲ್ಲ ನೋಡಿತು. ಮಿದುಳಿನಲ್ಲಿರುವ ನರಕೋಶಗಳಾದರೋ ಸುಮಾರು ೮೬೦೦ ಕೋಟಿ.

ಬರೆಯುವ ಕೆಲಸವಿನ್ನೂ ಅಕ್ಷರಾಭ್ಯಾಸದ ಹಂತದಲ್ಲಿದೆ. ಅದರ ಅತ್ಯಂತ ಯಶಸ್ವಿಯಾದ ನಿದರ್ಶನವು ಕಿವುಡರ ಒಳಗಿವಿಯಲ್ಲಿ ಅಳವಡಿಸುವ ಉಪಕರಣ. ಅದೂ ಮಿದುಳಿನಲ್ಲಿ ನೇರವಾಗಿ ಬರೆಯುವುದಿಲ್ಲ, ಶ್ರವಣನರದ ಮೂಲಕ ಬರೆಯುತ್ತದೆ. ಒಳಗಿವಿಯಲ್ಲಿ ಸುಮಾರು ೩೫೦೦ ಕೇಶಕೋಶಗಳು ಮಾಡುವ ಕೆಲಸವನ್ನು ಅದರಲ್ಲಿ ಇಪ್ಪತ್ತೆರಡು ಅಥವಾ ಅದಕ್ಕಿಂತ ಕಡಮೆ ವಿದ್ಯುದಗ್ರಗಳು ನಿರ್ವಹಿಸಬೇಕು. ಅಷ್ಟರಿಂದಲೇ ಮಾತು ತಿಳಿಯುವುದೊಂದು ಅದ್ಭುತ. ಸಂಗೀತ ಮಾತ್ರ ಬಹುಮಟ್ಟಿಗೆ ಕೆಟ್ಟೇ ಕೇಳುತ್ತದೆ. ಒಂದು ಇಂದ್ರಿಯದ ಸ್ಥಿತಿಯೇ ಹೀಗಿರಲು, ಐದನ್ನೂ ಬುರುಡೆಯ ಹೊರಗಿನಿಂದ ತುಂಬಿಕೊಡುವ ಶಿರಸ್ತ್ರಾಣವನ್ನು ವಿಜ್ಞಾನದ ಮುನ್ಸೂಚನೆಯೆಂದು ಕರೆಯುವುದು ಸಲ್ಲದು. ಕಥೆ ಗೊತ್ತುಮಾಡಿದ ಆ ೨೦೨೨ರ ನವೆಂಬರ್ ೬ರಂದೇ, ಆಕ್ಯುಲಸ್ ಕನ್ನಡಕದ ನಿರ್ಮಾತೃವಾದ ಪಾಮರ್ ಲಕ್ಕಿ ಎಂಬವರು, ಆಟದಲ್ಲಿ ಸೋತರೆ ಸ್ಫೋಟಕದಿಂದ ಧರಿಸಿದವನನ್ನು ಕೊಲ್ಲುವ ಶಿರಸ್ತ್ರಾಣವೊಂದನ್ನು ತಾವು ತಯಾರಿಸಿರುವುದಾಗಿ ಪ್ರಕಟಿಸಿದರು. ಅದು ವಿನೋದವೊ ಕಲೆಯೊ ನಾವರಿಯೆವು. ಕಥೆಯ ಯಂತ್ರದಲ್ಲಿ ಕೊಲ್ಲುವ ಭಾಗವೊಂದೇ ಇಂದಿನ ಕೈಗೆ ಎಟುಕಿದುದೆಂಬುದಂತೂ ಸ್ಪಷ್ಟವಾಯಿತು.

ಇನ್ನು ಹೊಸ ಮಾಲೆಯ ಕಡೆಗೆ ಬರೋಣ. ಅದರ ನಾಯಕಿ ಕರೆನ್ ಎಂಬ ವಿದ್ಯಾರ್ಥಿನಿ. ಎತ್ತರ ೧೮೩ ಸೆಂಟಿಮೀಟರ್. ತನ್ನ ಎತ್ತರಕ್ಕೆ ತಾನೇ ನಾಚಿ ಜನರಿಂದ ದೂರ ಸರಿದಿರುವವಳು. ಈ ಲೋಕಗಳಲ್ಲಿ ಆಟಗಾರನ ‘ಅವತಾರ’ವನ್ನು ಅವನು ಆರಿಸಿಕೊಳ್ಳುವಂತಿಲ್ಲ, ಯಂತ್ರವು ಕೊಟ್ಟುದನ್ನು ತೊಡಬೇಕು. (ನಮ್ಮ ಪುರಾಣದ ಈ ಶಬ್ದವು ಆಟದವರ ಬಾಯಲ್ಲಿ ಲೋಕಸಂಚಾರ ಮಾಡಿ ಮನೆಗೆ ಮರಳಿದೆ, ವಾಮನನ ಕಥೆ ತಿಳಿದವರಿಗೆ ಕರೆನಳ ಆಸೆ ವಿಚಿತ್ರವೆನಿಸದು.) ಕರೆನಳು ಒಂದಾದಮೇಲೊಂದು ಆಟವನ್ನು ಹೊಕ್ಕು, ಕೊನೆಗೆ ಬಂದೂಕಿನ ಆಟದಲ್ಲಿ ಪುಟ್ಟ ಹುಡುಗಿಯ ದೇಹವನ್ನು ಪಡೆದು, ಲೆನ್ ಎಂಬ ಹೆಸರಿನಿಂದ ಗುಲಾಬಿ ಬಣ್ಣದ ಉಡುಪು ತೊಟ್ಟು ಮಿಂಚಿನಂತೆ ಓಡಾಡುತ್ತಾಳೆ. ಅವಳ ಎದುರಾಳಿಗಳಾದ ಭೀಮಕಾಯದ ಸ್ತ್ರೀಯರ ತಂಡವು ವಾಸ್ತವದಲ್ಲಿ ವ್ಯಾಯಾಮಪಟುಗಳಾದ ಶಾಲಾಬಾಲಿಕೆಯರ ಗುಂಪು.

ಈ ವಿಷಯಕ್ಕೆ ಮಿದುಳನ್ನು ಹೊಗುವ ಯಂತ್ರವೇ ಬೇಕಾಗಿಲ್ಲ. ಕಣ್ಣಿಗೆ ಕಟ್ಟುವ ಪರದೆಯೊಂದಿದ್ದರೆ ಸಾಕು. ಸ್ಟಾಕ್‌ಹೋಮಿನ ವಿಜ್ಞಾನಿಗಳು ೨೦೧೧ರಲ್ಲಿ ಹೀಗೆ ಮಾಡಿದರು: ಮಲಗಿದ ಮನುಷ್ಯನ ಕಣ್ಣಿಗೆ ಅವನ ದೇಹದ ಬದಲು ಗೊಂಬೆಯ ದೇಹವನ್ನು ತೋರಿಸಿ, ಗೊಂಬೆಯನ್ನೂ ಅವನನ್ನೂ ಏಕಕಾಲದಲ್ಲಿ ಮುಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಗೊಂಬೆಯ ಮೈ ತನ್ನದೆನಿಸತೊಡಗಿತು. ಅಷ್ಟೇ ಅಲ್ಲ, ೩೦ ಸೆಂಟಿಮೀಟರಿನ ಗೊಂಬೆಯಾದವನಿಗೆ ಸುತ್ತಲಿನ ವಸ್ತುಗಳು ದೊಡ್ಡವಾಗಿಯೂ ದೂರವಾಗಿಯೂ ಕಂಡವು. ಮೆಲ್ ಸ್ಲೇಟರ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರೌಢರಿಗೆ ನಾಲ್ಕು ವರ್ಷದ ಮಗುವಿನ ದೇಹವನ್ನು ಕೊಟ್ಟರು. ಅದೇ ಎತ್ತರಕ್ಕೆ ಕುಗ್ಗಿಸಿದ ಪ್ರೌಢದೇಹದಲ್ಲಿದ್ದವರಿಗಿಂತ ಮಗುವಿನ ದೇಹದಲ್ಲಿದ್ದವರು ವಸ್ತುಗಳ ಗಾತ್ರವನ್ನು ಹೆಚ್ಚು ತಪ್ಪಾಗಿ, ದೊಡ್ಡದೆಂದು ಅಂದಾಜು ಮಾಡಿದರು. ಎಂದರೆ ನಾವು ಲೋಕವನ್ನು ಕಣ್ಣಿನ ಎತ್ತರದಿಂದ ಮಾತ್ರವಲ್ಲ, ‘ನಾನು ಯಾರು’ ಎಂಬುದರಿಂದಲೂ ಅಳೆಯುತ್ತೇವೆ.

ಚಿತ್ರದ ಮೇಲೆ ನಮ್ಮ ಆಕ್ಷೇಪಣೆ ಇಲ್ಲಿಯೇ. ಲೆನ್ ಗುರಿಯಿಡಬೇಕಾದವಳು, ದೂರವನ್ನು ಅಂದಾಜು ಮಾಡಬೇಕಾದವಳು. ೧೮೩ ಸೆಂಟಿಮೀಟರಿನಿಂದ ಮಗುವಿನ ಎತ್ತರಕ್ಕೆ ಇಳಿದವಳಿಗೆ ಬಾಗಿಲು, ಮೆಟ್ಟಿಲು, ಹಗೆಯ ನಡುವಿನ ಬಯಲು ಎಲ್ಲವೂ ಬೇರೆಯಾಗಿ ಕಾಣಬೇಕಷ್ಟೆ? ಬಂದೂಕುಗಳ ಬಿಡಿಭಾಗಗಳನ್ನು ಇಷ್ಟು ಶ್ರದ್ಧೆಯಿಂದ ಬಿಡಿಸಿದ ಕಲಾವಿದರು ಈ ಒಂದು ಸಂಗತಿಯ ಮೇಲೆ ಎರಡು ನಿಮಿಷ ನಿಂತಿದ್ದರೆ ಕಥೆಯ ಸೊಗಸು ಇಮ್ಮಡಿಯಾಗುತ್ತಿದ್ದಿತು.

ಸ್ಟ್ಯಾನ್‌ಫರ್ಡಿನಲ್ಲಿ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವುಂಟು. ಹಣವನ್ನು ಇಬ್ಬರು ಪಾಲು ಮಾಡಿಕೊಳ್ಳುವ ಆಟದಲ್ಲಿ, ಎದುರಾಳಿಗಿಂತ ಎತ್ತರದ ಅವತಾರವನ್ನು ಪಡೆದವರು ದಿಟ್ಟತನದಿಂದ ಚೌಕಾಸಿ ಮಾಡಿದರು; ಗಿಡ್ಡ ಅವತಾರವನ್ನು ಪಡೆದವರು ಅನ್ಯಾಯದ ಪಾಲಿಗೂ ಸುಲಭವಾಗಿ ಒಪ್ಪಿದರು. ಬಗೆಬಗೆಯ ರೂಪ ತಾಳುವ ಗ್ರೀಕ್ ಸಮುದ್ರದೇವತೆಯ ನೆನಪಿಗಾಗಿ ಇದಕ್ಕೆ ‘ಪ್ರೋಟಿಯಸ್ ಪರಿಣಾಮ’ವೆಂದು ಹೆಸರಿಟ್ಟರು. ಇದರಂತೆ ಲೆನ್ ಅಂಜುಬುರುಕಿಯಾಗಬೇಕು. ಕಥೆಯಲ್ಲಿ ಅವಳು ಎಲ್ಲರಿಗಿಂತ ಭಯಂಕರಳು. ಕಥೆಗಾರನು ತಪ್ಪಿದನೆಂದು ನಾವು ಹೇಳೆವು. ಪ್ರಯೋಗಕ್ಕೆ ಒಳಗಾದವರು ಗಿಡ್ಡ ದೇಹವನ್ನು ಬೇಡಿರಲಿಲ್ಲ. ಕರೆನಳು ಅದನ್ನು ಹುಡುಕಿಕೊಂಡು ಅಲೆದವಳು. ಹೇರಿದ ಮೈಗೂ ಬಯಸಿದ ಮೈಗೂ ಮನಸ್ಸು ಒಂದೇ ಬಗೆಯಾಗಿ ಓಗೊಡುವುದೆ? ಇದು ಅಳೆದು ನೋಡಬಹುದಾದ ಪ್ರಶ್ನೆ; ಸಾವಿನ ಶಿರಸ್ತ್ರಾಣವು ಇಂತಹ ಒಂದು ಪ್ರಶ್ನೆಯನ್ನೂ ನಮಗೆ ಕೊಡಲಿಲ್ಲ.

ದೇಹಭಾವವನ್ನು ಹೀಗೆ ಕದಲಿಸುವುದರಿಂದ ಒಳ್ಳೆಯದೂ ಆಗಬಲ್ಲುದು. ಕೈ ಕಳೆದುಕೊಂಡವರಿಗೆ ಇಲ್ಲದ ಕೈ ನೋಯುವುದುಂಟಷ್ಟೆ, ವಿ. ಎಸ್. ರಾಮಚಂದ್ರನ್ ಅವರು ೧೯೯೦ರ ದಶಕದಲ್ಲಿ ಒಂದು ಪೆಟ್ಟಿಗೆ, ಒಂದು ಕನ್ನಡಿ ಇಷ್ಟರಿಂದಲೇ ಆ ಕೈಯನ್ನು ಮರಳಿ ಕಾಣುವಂತೆ ಮಾಡಿ ಕೆಲವರ ನೋವನ್ನು ಇಳಿಸಿದರು. ಆದರೆ ಕನ್ನಡಿಯನ್ನು ಹಿಡಿದವನು ವೈದ್ಯನಾಗಿದ್ದನು, ರೋಗಿಗೆ ಅದು ತಿಳಿದಿದ್ದಿತು. ಆಟದ ಲೋಕಗಳಲ್ಲಿ ಅವತಾರವನ್ನು ಹಂಚುವವರು ವ್ಯಾಪಾರಿಗಳು. ಸ್ಟ್ಯಾನ್‌ಫರ್ಡಿನ ಪ್ರಯೋಗದಲ್ಲಿ ಎತ್ತರದ ವ್ಯತ್ಯಾಸವು ಕೇವಲ ಹತ್ತು ಸೆಂಟಿಮೀಟರ್. ಗ್ರಾಹಕನ ಮೈಯನ್ನು ಸದ್ದಿಲ್ಲದೆ ಅಷ್ಟು ತಗ್ಗಿಸಿ, ಬಳಿಕ ಅವನ ಮುಂದೆ ಅಂಗಡಿಯ ಬಾಗಿಲನ್ನು ತೆರೆಯುವುದಕ್ಕೆ ಯಂತ್ರಕ್ಕೆ ಕ್ಷಣಕಾಲ ಸಾಕು. ಅವತಾರದ ಅಳತೆಯನ್ನು ಬದಲಿಸಿದಾಗಲೆಲ್ಲ ಆಟಗಾರನಿಗೆ ತಿಳಿಸತಕ್ಕದ್ದೆಂದು ಕಾನೂನು ವಿಧಿಸಬೇಕೆಂಬುದು ನಮ್ಮ ಬೇಡಿಕೆ. ಹೊಸ ಮಾಲೆಯ ಸ್ಪರ್ಧೆಯಲ್ಲಿ ಪ್ರತಿ ತಂಡದಿಂದ ಒಬ್ಬೊಬ್ಬನನ್ನು ದ್ರೋಹಿಗಳ ಪಕ್ಷಕ್ಕೆ ಸೇರಿಸುವ ಕ್ರೂರ ನಿಯಮವೊಂದಿದೆ. ಅದನ್ನು ಆಟದ ನಡುವೆ ಹೊರಡಿಸುತ್ತಾರೆ ನಿಜ. ಆದರೂ ಎಲ್ಲರಿಗೂ ಸಾರಿ ಹೇಳಿಯೇ ಜಾರಿಗೆ ತರುತ್ತಾರೆ.